ಸಹಾಯ ಬೇಕು: ಡೊಂಬಿವಲಿಯಲ್ಲಿದ್ದು ಮದ್ದಳೆ ಅಭ್ಯಾಸ ಯಾವಾಗ ಮಾಡೋದು?

ನಮಸ್ಕಾರ. ಮನೆ ಮುಂಬೈ ಹತ್ತಿರದ ಡೊಂಬಿವಲಿ, ಕೆಲಸ ಮುಂಬೈನ ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್). ಫಾಸ್ಟ್ ಲೋಕಲ್‌ನಲ್ಲಿ ಕುರ್ಲಾ, ಅಲ್ಲಿಂದ ಶೇರ್ ರಿಕ್ಷಾ. ಮನೆ ಸೇರುವಾಗ ರಾತ್ರಿ 9 ದಾಟಿರುತ್ತೆ. ಯಕ್ಷಗಾನದ ಮದ್ದಳೆ ಕಲಿಯೋ ಆಸೆ ಊರು ಬಿಟ್ಟಾಗಿನಿಂದ ಇತ್ತು, ಈಗ ಭಾನುವಾರ ಹೇಳಿಕೊಡುವ ಗುರುಗಳು ಸಿಕ್ಕಿದ್ದಾರೆ. ಕಷ್ಟ ಇರೋದು ಅಭ್ಯಾಸದ್ದು. ಬೆಳಿಗ್ಗೆ 5ಕ್ಕೆ ಎದ್ದು ನುಡಿಸಿದೆ, ಪಕ್ಕದ ಮನೆಯವರು ಸೊಸೈಟಿ ಸೆಕ್ರೆಟರಿಗೆ ಹೇಳಿದರು (ಅವರದ್ದೂ ತಪ್ಪಲ್ಲ ಬಿಡಿ). ರೈಲಲ್ಲಿ ಏಕ, ರೂಪಕ, ಝಂಪೆ ತಾಳಗಳ ಬಾಯಿಪಾಠ ಹೇಗೋ ಆಗುತ್ತೆ. ಸೀಟು ಸಿಕ್ಕರೆ ತೊಡೆ ಮೇಲೆ ಬೆರಳೂ ಆಡಿಸ್ತೇನೆ. ಆದರೆ ಚರ್ಮದ ಮೇಲೆ ಕೈ ಕೂರಬೇಕಲ್ಲ? ವಾರವಿಡೀ ಬಾಯಿತಾಳ ಹಾಕಿ, ಶನಿವಾರ ಒಟ್ಟಿಗೆ ಮೂರು ಗಂಟೆ ನುಡಿಸಿದರೆ ಕೈ ಪಳಗುತ್ತಾ, ಅಥವಾ ದಿನಾ ಹದಿನೈದು ನಿಮಿಷವಾದರೂ ವಾದ್ಯ ಮುಟ್ಟಲೇಬೇಕಾ? ನೌಕರಿ ಮಾಡ್ತಾ ಚೆಂಡೆ-ಮದ್ದಳೆ ಕಲಿತವರು ದಯವಿಟ್ಟು ಹೇಳಿ.