ಬಾಕ್ಸರ್ ನಾಯಿಯ ಕಣ್ಣಿನ ಹುಣ್ಣು 3 ವಾರವಾದರೂ ಮಾಯುತ್ತಿಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು: ನಮ್ಮ ಬಾಕ್ಸರ್‌ಗೆ 9 ವರ್ಷ. ಎಡಗಣ್ಣಿನ ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹುಣ್ಣು. 3 ವಾರದಿಂದ ಆ್ಯಂಟಿಬಯಾಟಿಕ್ ಡ್ರಾಪ್ಸ್ ಹಾಕುತ್ತಿದ್ದೇವೆ. ಹುಣ್ಣಿದ್ದಲ್ಲಿ ಹಸಿರಾಗುವ ಡೈ ಹಾಕಿ ನೋಡಿದಾಗಲೆಲ್ಲ ಹಸಿರು ಹಾಗೇ ಇದೆ. ಈಗ ಬರ್‌ನಲ್ಲಿ (ಗಿರಗಿರ ತಿರುಗುವ ಪುಟ್ಟ ಉಪಕರಣ) ಉಜ್ಜಬೇಕು ಅನ್ನುತ್ತಿದ್ದಾರೆ ಡಾಕ್ಟರ್. ಒಪ್ಪಲಾ?

ಪಗ್ ಅಮ್ಮ: ನಮ್ಮದು ಶನಿವಾರ ಸಂಜೆ ಕಣ್ಣು ಕಿರಿದು ಮಾಡಿತ್ತು, ಅಷ್ಟೇ. ಭಾನುವಾರ ಬೆಳಿಗ್ಗೆ ಕಣ್ಣುಗುಡ್ಡೆ ಮೇಲೆ ಬೂದು ಲೋಳೆ, ಕರಗಿದ ಮೇಣದ ಹಾಗೆ. ಮೆಲ್ಟಿಂಗ್ ಅಲ್ಸರ್, ಅಂದರೆ ಕಾರ್ನಿಯಾವನ್ನೇ ಕರಗಿಸುವ ಹುಣ್ಣು. ಅದರದೇ ರಕ್ತದಿಂದ ಸೀರಮ್ (ರಕ್ತದ ತಿಳಿ ದ್ರವ) ತೆಗೆದುಕೊಟ್ಟರು. ಫ್ರಿಜ್ಜಿನಲ್ಲಿಟ್ಟು ಗಂಟೆಗೊಂದು ಹನಿ. ಜೊತೆಗೆ ಇನ್ನೆರಡು ಡ್ರಾಪ್ಸ್. ಒಂದಾದ ಮೇಲೆ 5 ನಿಮಿಷ ಬಿಟ್ಟೇ ಇನ್ನೊಂದು, ಇಲ್ಲದಿದ್ದರೆ ಮೊದಲಿನದು ತೊಳೆದುಹೋಗುತ್ತದೆ. 4 ರಾತ್ರಿ ನಾನು, ನಮ್ಮೆಜಮಾನರು ಪಾಳಿಯಲ್ಲಿ ಎದ್ದೆವು. 11 ದಿನ ರಜೆ ಹೋಯಿತು. ಪಾಪೆ ಹಿಗ್ಗಿಸಿ ನೋವಿಳಿಸುವ ಅಟ್ರೊಪಿನ್ ಹನಿಯ ಕಹಿ ಗಂಟಲಿಗಿಳಿದು ಬಾಯಲ್ಲಿ ನೊರೆ ಬಂದಾಗ ಜೀವವೇ ಹೋದಂತಾಯಿತು. ಕೊನೆಗೆ ಗ್ರಾಫ್ಟ್ ಮಾಡಿದರು, ಅಂದರೆ ಹುಣ್ಣಿನ ಮೇಲೆ ಆರೋಗ್ಯವಾದ ಅಂಗಾಂಶ ಹೊಲಿದರು. ಗುಲಾಬಿ ಕಲೆ ಉಳಿದಿದೆ, ಆದರೆ ಕಣ್ಣು ಉಳಿಯಿತು. ಡ್ರಾಪ್ಸ್ ಬಿಡಬೇಡಿ.

ಬಾಕ್ಸರ್ ಮನೆಯವರು: ಅದು ಬೇರೆ ಹುಣ್ಣು, ಮೇಡಂ. ವಯಸ್ಸಾದ ಬಾಕ್ಸರ್‌ಗಳಿಗೆ ಮೇಲಿನ ಪದರ ಬೆಳೆಯುತ್ತದೆ, ಕೆಳಗೆ ಅಂಟಿಕೊಳ್ಳುವುದಿಲ್ಲ. ಅಂಚು ಈರುಳ್ಳಿ ಸಿಪ್ಪೆಯ ಹಾಗೆ ಸಡಿಲವಾಗಿ ಎದ್ದಿರುತ್ತದೆ. ಡ್ರಾಪ್ಸ್ ಬದಲಾಯಿಸುತ್ತಾ ನಾವು 7 ವಾರ, 5 ಬಾಟಲಿ ಹಾಳು ಮಾಡಿದೆವು. ಹತ್ತಿ ಕಡ್ಡಿಯಲ್ಲಿ ಉಜ್ಜಿದರು, ಮತ್ತೆ ಎದ್ದಿತು. ಆಮೇಲೆ ಡೈಮಂಡ್ ಬರ್. ಮರಗಟ್ಟಿಸುವ ಹನಿ ಹಾಕಿದರು, ಪೂರ್ಣ ಅರಿವಳಿಕೆ ಬೇಕಾಗಲಿಲ್ಲ. ಗಾಯ ಮುಚ್ಚಲು ಕಣ್ಣಿಗಿಟ್ಟ ಲೆನ್ಸ್ 3ನೇ ದಿನ ಬಿದ್ದುಹೋಯಿತು. ಆದರೂ 12ನೇ ದಿನ ಹಸಿರು ಇರಲಿಲ್ಲ. ಆ 7 ವಾರ ಅದು ಪಟ್ಟ ನೋವು ನೆನೆದರೆ ಈಗಲೂ ಸಂಕಟ.

ಪಗ್ ಅಮ್ಮ: ಸುಮ್ನೆ ಎಲ್ಲರಿಗೂ ಬರ್ ಅನ್ನಬೇಡಿ. ನಮ್ಮದಕ್ಕೆ ಹಾಕಿದ್ದರೆ ಕಣ್ಣೇ ಒಡೆಯುತ್ತಿತ್ತು.

ಬಾಕ್ಸರ್ ಮನೆಯವರು: ಆಳವಾದದ್ದಕ್ಕೆ, ಸೋಂಕಿದ್ದದ್ದಕ್ಕೆ ಹಾಕಬಾರದು ಅಂತ ನನಗೂ ಗೊತ್ತು. ಅವರು ಕೇಳಿದ್ದು ಬಾಕ್ಸರ್ ಬಗ್ಗೆ!

ಒಂಟಿಗಣ್ಣನ ಅಪ್ಪ: ನಾನು ಮಾಡಿದ ತಪ್ಪು ಯಾರೂ ಮಾಡಬೇಡಿ. ಮನೆಯಲ್ಲಿದ್ದ ಹಳೇ ಡ್ರಾಪ್ಸ್ ಹಾಕಿದೆ, ಅದರಲ್ಲಿ ಸ್ಟೆರಾಯ್ಡ್ ಇತ್ತು. 2 ದಿನ ಕೆಂಪು ಇಳಿಯಿತು, ಖುಷಿಪಟ್ಟೆ. ಒಳಗೆ ಹುಣ್ಣು ಆಳವಾಗುತ್ತಿತ್ತು. ಡೈ ಹಾಕಿದರೆ ಸುತ್ತ ಹಸಿರು, ನಡುವೆ ಮಾತ್ರ ತಿಳಿ. ಅಲ್ಲಿ ಮಾಯ್ದಿದೆ ಅಂದುಕೊಂಡೆ. ಕಾರ್ನಿಯಾದ ಒಳಗಡೆಯ ತೆಳು ಪೊರೆ, ಡೆಸಿಮೆಟ್ ಪೊರೆ, ಡೈ ಹಿಡಿಯುವುದಿಲ್ಲವಂತೆ, ಅಷ್ಟು ಆಳ ಹೋಗಿತ್ತು. ಮರುದಿನ ತೂತು. ಕಣ್ಣು ತೆಗೆಸಿದೆ. 10ನೇ ದಿನ ಚೆಂಡು ಹಿಡಿದುಕೊಂಡು ಬಂದ.

ಪಗ್ ಅಮ್ಮ: ತೆಗೆಸುವ ಮುಂಚೆ ಗ್ರಾಫ್ಟ್ ಕೇಳಬೇಕಿತ್ತು ಅಲ್ವಾ?

ಒಂಟಿಗಣ್ಣನ ಅಪ್ಪ: ಕೇಳಿದ್ದೆ. ಉಳಿಯುವ ಹಂತ ದಾಟಿತ್ತು. ನಿಮ್ಮ ಹಾಗೆ ನಾನೂ ನಿದ್ದೆಗೆಟ್ಟಿದ್ದೇನೆ ಅಕ್ಕ, ಆ ಮಾತು ಬೇಡ.

ಕೇಳಿದವರು: ಬರ್ ಆದ ಮೇಲೆ ಕಣ್ಣು ಉಜ್ಜಿಕೊಳ್ಳದಂತೆ ಕುತ್ತಿಗೆಗೆ ಹಾಕುವ ಕೋನ್ ಎಷ್ಟು ದಿನ? ಮೆತ್ತನೆ ಬಳೆಯಂಥ ಡೋನಟ್ ಕಾಲರ್ ಸಾಕಾ?

ಪಗ್ ಅಮ್ಮ: ಡೋನಟ್ಟೇ ಮೆತ್ತಗೆ, ಪಾಪ ಮಲಗುತ್ತದೆ.

ಬಾಕ್ಸರ್ ಮನೆಯವರು: ಡೋನಟ್ ಬೇಡವೇ ಬೇಡ! ಮುಂಗಾಲು ಸಲೀಸಾಗಿ ಕಣ್ಣಿಗೆ ತಲುಪುತ್ತದೆ. ಒಂದು ಮಧ್ಯಾಹ್ನ ಅದನ್ನು ಹಾಕಿಟ್ಟು ಸ್ನಾನಕ್ಕೆ ಹೋದೆ, ಬರುವಷ್ಟರಲ್ಲಿ ಅಂಚು ಮತ್ತೆ ಎದ್ದಿತ್ತು. ಮೂಗಿಗಿಂತ ಮುಂದೆ ಚಾಚಿದ ಗಟ್ಟಿ ಕೋನ್ ಹಾಕಿ. ಡಾಕ್ಟರ್ ಹಸಿರಿಲ್ಲ ಅನ್ನುವವರೆಗೆ ತೆಗೆಯಬೇಡಿ, ಊಟದ ಹೊತ್ತಲ್ಲೂ ಪಕ್ಕದಲ್ಲೇ ಕೂತಿರಿ.