ಎರಡು ತಿಂಗಳು ಡಬ್ಲಿನ್‌ನಲ್ಲಿ: ಊರಿನ ಸಿಮ್‌ಗೆ ಬಿಲ್ ಏರದ ಹಾಗೆ ಏನು ಮಾಡಬೇಕು?

ನಾಪೋಕ್ಲು ತೋಟದವ

ಎಲ್ಲರಿಗೂ ನಮಸ್ಕಾರ. ಜುಲೈ ಮೊದಲ ವಾರ ನಾನು, ನನ್ನ ಹೆಂಡತಿ ಡಬ್ಲಿನ್‌ಗೆ ಹೊರಟಿದ್ದೇವೆ. ಮಗಳ ಬಾಣಂತನ. ಬೆಂಗಳೂರಿನಿಂದ ದುಬೈ, ಅಲ್ಲಿ ನಾಲ್ಕೈದು ಗಂಟೆ ಕಾದು ಇನ್ನೊಂದು ವಿಮಾನ. ವಾಪಸ್ ಬರುವುದು ಸೆಪ್ಟೆಂಬರ್‌ನಲ್ಲಿ.

ಟಿಕೆಟ್, ವೀಸಾ ಎಲ್ಲ ಮಗಳು, ಅಳಿಯ ನೋಡಿಕೊಂಡಿದ್ದಾರೆ. ನನಗೆ ತಲೆಬಿಸಿ ಇರುವುದು ಫೋನಿನದ್ದು. ನನ್ನದು ಹಳೇ ಪೋಸ್ಟ್‌ಪೇಯ್ಡ್ ನಂಬರ್. ಬ್ಯಾಂಕು, ಆಧಾರ್, ಗ್ಯಾಸ್, ಕಾಫಿ ತಗೊಳ್ಳುವವರು ಎಲ್ಲರ ಹತ್ತಿರವೂ ಇದೇ ನಂಬರ್ ಇರುವುದು. ಮನೆಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ತಗೊಂಡು ಹೋದರೆ ಬಿಲ್ ಎಷ್ಟು ಬರುತ್ತದೋ ಎಂಬ ಭಯ. ಕಂಪನಿಯವರ ಪ್ಯಾಕ್ ನೋಡಿದೆ, ಹತ್ತು ದಿನಕ್ಕೇ ಸಾವಿರಗಟ್ಟಲೆ ಇದೆ. ಎರಡು ತಿಂಗಳಿಗೆ ಹಾಕಿಸಿದರೆ ಒಂದು ಹೊಸ ಫೋನೇ ಬರುತ್ತದೆ.

ಇದರ ಜೊತೆಗೆ ನಮ್ಮ ರೈಟರ್ ವಿಷಯ, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು. ಅವರ ಹತ್ತಿರ ಇರುವುದು ಬಟನ್ ಫೋನ್. ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು "ಎರಡು ಇಂಚು ನಲವತ್ತು ಸೆಂಟ್ ಸಾರ್" (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್) ಅಂತ ಹೇಳದಿದ್ದರೆ ಅವರಿಗೂ ಸಮಾಧಾನ ಇಲ್ಲ, ನನಗೂ ಇಲ್ಲ. ಆಮೇಲೆ ಯಾವ ಮರ ಬಿತ್ತು, ಕೆಲಸದವರ ಲೈನ್ ಮನೆಯಲ್ಲಿ ಯಾರಿಗೆ ಜ್ವರ, ಹೊಳೆ ಎಲ್ಲಿವರೆಗೆ ಬಂತು ಅಂತ ಮಾತು ಮುಂದುವರಿಯುತ್ತದೆ. ಆ ಕರೆ ನನಗೆ ಡಬ್ಲಿನ್‌ನಲ್ಲಿ ಬಂದರೆ ದುಡ್ಡು ನನಗೇ ಬೀಳುತ್ತದೆ ಅಂತಾರೆ. ನಿಜವಾ? ಗೊತ್ತಿದ್ದವರು ತಿಳಿಸಿ.

ಕೊಡಗಿನ ಕುಟ್ಟಿ

ಸರ್, ಸುಮ್ನೆ ಒಂದು ಪ್ಯಾಕ್ ಹಾಕಿಸಿಬಿಡಿ. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ನಾವು ಸಿಂಗಾಪುರಕ್ಕೆ ಹೋದಾಗ ಅದನ್ನೇ ಮಾಡಿದ್ದು, ಏನೂ ತೊಂದರೆ ಆಗಲಿಲ್ಲ.

ಗೋಣಿಕೊಪ್ಪ ಮೊಬೈಲ್ ಅಂಗಡಿ

ಕುಟ್ಟಿಯವರೇ, ನಾಲ್ಕೈದು ದಿನದ ಟೂರ್‌ಗೆ ನೀವು ಹೇಳಿದ್ದು ಸರಿ. ಎರಡು ತಿಂಗಳಿಗೆ ಅದು ಆಗದ ಮಾತು.

ತೋಟದ ಸಾರ್, ನನ್ನದು ಗೋಣಿಕೊಪ್ಪದಲ್ಲಿ ಮೊಬೈಲ್ ಅಂಗಡಿ. ಮಕ್ಕಳ ಮನೆಗೆ, ಗಲ್ಫ್‌ಗೆ, ಉಮ್ರಾಗೆ ಹೊರಟವರು ಕೊನೇ ಗಳಿಗೆಯಲ್ಲಿ ಫೋನ್ ಹಿಡಿದು ನನ್ನ ಹತ್ತಿರವೇ ಬರುವುದು. ನೀವು ಮುಂಚೆಯೇ ಕೇಳಿದ್ದೀರಿ, ಒಳ್ಳೆಯದಾಯಿತು.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ನಿಜ. ರೋಮಿಂಗ್‌ನಲ್ಲಿ, ಅಂದರೆ ಊರಿನ ಸಿಮ್ ಹೊರದೇಶದ ನೆಟ್‌ವರ್ಕ್ ಹಿಡಿದಿರುವಾಗ, ಬರುವ ಕರೆಗೂ ದುಡ್ಡು ನಿಮಗೇ. ರೈಟರ್‌ಗೆ ಮಾಮೂಲಿ ಲೋಕಲ್ ಕರೆ, ಅಲ್ಲಿಂದಾಚೆಗಿನ ಖರ್ಚು ನಿಮ್ಮ ತಲೆಗೆ. ಆದರೆ ನಾನು ನೋಡಿದ ಹಾಗೆ ದೊಡ್ಡ ಬಿಲ್ ಬರುವುದು ಕರೆಯಿಂದ ಅಲ್ಲ, ಡೇಟಾದಿಂದ. ಕರೆ ಬಂದರೆ ಫೋನ್ ರಿಂಗ್ ಆಗುತ್ತದೆ, ಎತ್ತಬೇಕೋ ಬೇಡವೋ ಅಂತ ಯೋಚನೆ ಮಾಡಬಹುದು. ಡೇಟಾ ಹೋಗುವುದು ಯಾರಿಗೂ ಕೇಳಿಸಲ್ಲ. ಪೊನ್ನಂಪೇಟೆ ಕಡೆಯ ಒಬ್ಬರು ಮಗನ ಮನೆಗೆ ಹೋದವರು, ಅಲ್ಲಿಂದ ಒಂದು ಕರೆಯನ್ನೂ ಮಾಡಿರಲಿಲ್ಲ. ಫೋನ್ ಬ್ಯಾಗಿನಲ್ಲೇ ಇತ್ತು. ಮದುವೆಯ ಫೋಟೋ, ವಿಡಿಯೋ ಎಲ್ಲ ತನ್ನಷ್ಟಕ್ಕೆ ಬ್ಯಾಕಪ್ ಆಗುತ್ತಾ ಕೂತಿತ್ತು. ಜೊತೆಗೆ ಆ್ಯಪ್‌ಗಳ ಅಪ್‌ಡೇಟ್, ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳು. ಬಿಲ್ ಬಂದ ಮೇಲೆ ಅದನ್ನೂ ಫೋನನ್ನೂ ಒಟ್ಟಿಗೆ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಫೋನ್ ಚೆನ್ನಾಗೇ ಇತ್ತು. ಬಿಲ್ ರಿಪೇರಿ ಮಾಡೋಕೆ ನನಗೆ ಬರಲ್ಲ ಅಲ್ವಾ.

ಹಾಗಾಗಿ ನನ್ನ ಲೆಕ್ಕ ಇಷ್ಟೇ: ಊರಿನ ಸಿಮ್ ಮೆಸೇಜ್‌ಗೆ ಮಾತ್ರ, ಡೇಟಾ ಎಲ್ಲ ಅಲ್ಲಿನ ಸಿಮ್‌ನಲ್ಲಿ. ನಿಮ್ಮ ಫೋನಿಗೆ ಎರಡು ಸಿಮ್ ಹಾಕಲು ಆಗುತ್ತದಾ ನೋಡಿ. ಊರಿನ ಸಿಮ್ ಅನ್ನು ಬಿಚ್ಚಿ ಪರ್ಸಿನಲ್ಲಿ ಇಡಬೇಡಿ, ಫೋನಲ್ಲೇ ಇರಲಿ. ಬ್ಯಾಂಕ್ ಆ್ಯಪ್, ಯುಪಿಐ ಎಲ್ಲ ಅದೇ ಸಿಮ್ ಹುಡುಕುತ್ತವೆ. ಅದರ 'ಡೇಟಾ ರೋಮಿಂಗ್' ಮಾತ್ರ ಆಫ್. ಅಲ್ಲಿನ ಸಿಮ್ ಹಾಕಿದ ಮೇಲೆ ಮೊಬೈಲ್ ಡೇಟಾ ಅಂತ ಇರುವಲ್ಲಿ ಆ ಸಿಮ್ ಅನ್ನು ಆರಿಸಿ.

ಅದರ ಕೆಳಗೇ ಒಂದು ಆಯ್ಕೆ ಇರುತ್ತದೆ, ಡೇಟಾ ಸ್ವಿಚಿಂಗ್ ಅಂತ. ಒಂದು ಸಿಮ್‌ಗೆ ಸಿಗ್ನಲ್ ಕಮ್ಮಿಯಾದರೆ ಇನ್ನೊಂದರಿಂದ ತಗೊಳ್ಳುವುದು. ಅದನ್ನೂ ಆಫ್ ಮಾಡಿ. ಎಲ್ಲ ಸರಿಯಾಗಿ ಮಾಡಿದವರೂ ಇದೊಂದನ್ನು ನೋಡಿರಲ್ಲ.

ಮತ್ತೆ ಕಾಲ್ ಫಾರ್ವರ್ಡ್. ಹೊರಡುವ ಹಿಂದಿನ ದಿನ ಊರಿನ ಸಿಮ್‌ನಿಂದ ##002# ಒತ್ತಿ ಕರೆ ಮಾಡಿ, ಎಲ್ಲ ಫಾರ್ವರ್ಡ್ ತೆಗೆದುಹೋಗುತ್ತದೆ. ಇಲ್ಲದಿದ್ದರೆ ನೀವು ಎತ್ತದ ಕರೆ ಡಬ್ಲಿನ್‌ವರೆಗೆ ಬಂದು, ಅಲ್ಲಿಂದ ತಿರುಗಿ ಇಂಡಿಯಾದ ವಾಯ್ಸ್‌ಮೇಲ್‌ಗೋ ಇನ್ನೊಂದು ನಂಬರಿಗೋ ಹೋಗಬಹುದು. ಹೋಗುವುದಕ್ಕೂ ಬರುವುದಕ್ಕೂ ಚಾರ್ಜ್. ಫಾರ್ವರ್ಡ್ ಇಲ್ಲದಿದ್ದರೆ, ಸುಮ್ನೆ ರಿಂಗ್ ಆಗಿ ನಿಂತ ಕರೆಗೆ ದುಡ್ಡಿಲ್ಲ.

ಓಟಿಪಿ ಬರಬೇಕಾದರೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಇರಲೇಬೇಕು. ಗ್ರಾಹಕರು ಕೇಳದೆ ಅದನ್ನು ಆನ್ ಮಾಡಬಾರದು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2020ರಲ್ಲೇ ನಿಯಮ ಮಾಡಿದೆ. ಹಾಗಾಗಿ ಕಂಪನಿಗೆ ಫೋನ್ ಮಾಡಿ ನೀವೇ ಕೇಳಿ ಮಾಡಿಸಬೇಕು. ಪ್ಯಾಕ್ ಇಲ್ಲದೆ ಬರೀ ಮೆಸೇಜ್ ಬರುತ್ತದಾ ಅಂತ ಅದೇ ಫೋನಿನಲ್ಲಿ ಕೇಳಿಬಿಡಿ. ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಕಳಿಸಿದರೆ ಉಂಟು. ಹಳೇ ಪೋಸ್ಟ್‌ಪೇಯ್ಡ್ ಅಂದಿರಲ್ಲ, ಹೊರಡುವ ಮುಂಚೆ ಅದನ್ನು ಪ್ರೀಪೇಯ್ಡ್ ಮಾಡಿಸಿದರೆ ಇನ್ನೂ ಒಳ್ಳೆಯದು. ಎಷ್ಟೇ ಎಡವಟ್ಟಾದರೂ ಬ್ಯಾಲೆನ್ಸ್ ಇದ್ದಷ್ಟೇ ಹೋಗುವುದು. ಆದರೆ ಹೊರಡಲು ಎರಡು ದಿನ ಇರುವಾಗ ಆ ಕೆಲಸಕ್ಕೆ ಕೈ ಹಾಕಬೇಡಿ, ಈಗಲೇ ಮಾಡಿಸಿ.

ಡಬ್ಲಿನ್‌ನಲ್ಲಿ ಸೋಮವಾರಪೇಟೆ

ಅಂಕಲ್, ನಾನು ಇಲ್ಲಿ ನರ್ಸ್. ಮಗಳಿಗೆ ಮುಂಚಿತವಾಗಿ ಶುಭಾಶಯ.

ಇಲ್ಲಿ ಸಿಮ್ ತಗೊಳ್ಳುವುದು ನಮ್ಮೂರಿಗಿಂತ ಸುಲಭ. ಪ್ರೀಪೇಯ್ಡ್‌ಗೆ ಆಧಾರ್, ಫೋಟೋ, ಬೆರಳಚ್ಚು ಏನೂ ಕೇಳಲ್ಲ. ಸೂಪರ್‌ಮಾರ್ಕೆಟ್‌ನಲ್ಲಿ ಹಾಲು, ಬ್ರೆಡ್ ಜೊತೆ ಬುಟ್ಟಿಗೆ ಹಾಕಿಕೊಂಡು ಬರಬಹುದು. ಸುಮಾರು 20 ಯೂರೋ ಟಾಪ್‌ಅಪ್‌ಗೆ 28 ದಿನ ಬರುತ್ತದೆ, ಬೇಕಾದಷ್ಟು ಡೇಟಾ ಇರುತ್ತದೆ. ನಿಮ್ಮ ಮಗಳು ಮೊದಲೇ ಒಂದು ತಂದಿಟ್ಟರೆ ಏರ್‌ಪೋರ್ಟ್‌ನಲ್ಲೇ ಹಾಕಿಕೊಳ್ಳಬಹುದು. ಏರ್‌ಪೋರ್ಟ್ ಅಂಗಡಿಯಲ್ಲಿ ಮಾತ್ರ ಕೊಳ್ಳಬೇಡಿ, ಟೂರಿಸ್ಟ್ ಅಂತ ಜಾಸ್ತಿ ಹೇಳುತ್ತಾರೆ.

ಐರಿಶ್ ಸಿಮ್‌ನ ಇನ್ನೊಂದು ಲಾಭ. ಮಗು ಸ್ವಲ್ಪ ದೊಡ್ಡದಾದ ಮೇಲೆ ನೀವಿಬ್ಬರೂ ಪ್ಯಾರಿಸ್, ರೋಮ್ ನೋಡಲು ಹೊರಟರೆ ಬೇರೆ ಸಿಮ್ ಬೇಡ. ಯುರೋಪಿಯನ್ ಯೂನಿಯನ್ ಒಳಗೆ 2017ರ ಜೂನ್‌ನಿಂದ ರೋಮಿಂಗ್‌ಗೆ ಬೇರೆ ಚಾರ್ಜ್ ಇಲ್ಲ, 2032ರವರೆಗೆ ಹಾಗೇ ಇರುತ್ತದೆ. ಡೇಟಾಗೆ ಒಂದು ಮಿತಿ ಇಡುತ್ತಾರೆ, ನಕ್ಷೆ, ವಾಟ್ಸ್ಆ್ಯಪ್‌ಗೆ ಧಾರಾಳ ಸಾಕು. ಆದರೆ ಸ್ವಿಟ್ಜರ್ಲೆಂಡ್ ಯೂನಿಯನ್‌ನಲ್ಲಿ ಇಲ್ಲ. ಎಲ್ಲರಿಗೂ ಹಿಮ ನೋಡಲು ಅಲ್ಲಿಗೇ ಹೋಗಬೇಕು, ಬಿಲ್ ಬರುವುದೂ ಅಲ್ಲೇ.

ಇನ್ನೊಂದು ವಿಷಯ ಇಂಡಿಯಾದಿಂದ ಬಂದವರಿಗೆ ಗೊತ್ತಾಗಲ್ಲ. ಬೆಲ್‌ಫಾಸ್ಟ್ ಬ್ರಿಟನ್‌ಗೆ ಸೇರಿದ್ದು. ಡಬ್ಲಿನ್‌ನಿಂದ ಕಾರಿನಲ್ಲಿ ಎರಡು ಗಂಟೆ. ಗಡಿಯಲ್ಲಿ ಗೇಟ್ ಇಲ್ಲ, ಪೊಲೀಸ್ ಇಲ್ಲ. ಕೇರಳ ಗಡಿಯ ನಮ್ಮ ಮಾಕುಟ್ಟದಲ್ಲಾದರೂ ಚೆಕ್‌ಪೋಸ್ಟ್ ಇದೆ, ಇಲ್ಲಿ ದಾಟಿದ್ದೇ ಗೊತ್ತಾಗಲ್ಲ. ಫೋನಿಗೆ ಮಾತ್ರ ಗೊತ್ತಾಗುತ್ತದೆ, ಬ್ರಿಟನ್ ನೆಟ್‌ವರ್ಕ್ ಹಿಡಿದುಬಿಡುತ್ತದೆ. ಗಡಿ ಹತ್ತಿರ ಡನ್‌ಡಾಕ್ ಕಡೆ ಐರ್ಲೆಂಡ್ ಒಳಗೆ ನಿಂತಿದ್ದರೂ ಕೆಲವೊಮ್ಮೆ ಹಾಗಾಗುತ್ತದೆ. ಬ್ರಿಟನ್ ಯೂನಿಯನ್ ಬಿಟ್ಟಿರುವುದರಿಂದ ಆ ನಿಯಮ ಅಲ್ಲಿಗೆ ತಾನಾಗಿ ಅನ್ವಯಿಸಲ್ಲ. ನೀವು ತಗೊಳ್ಳುವ ಪ್ಲಾನ್‌ನಲ್ಲಿ ಬ್ರಿಟನ್ ಸೇರಿದೆಯಾ ಅಂತ ಮಗಳ ಹತ್ತಿರ ನೋಡಿಸಿ.

ಮತ್ತೆ ಅಂಕಲ್, ರೈಟರ್ ಅಣ್ಣನಿಗೆ ಹೇಳಿಬಿಡಿ. ಅವರ ಬೆಳಿಗ್ಗೆ ಎಂಟು ಅಂದರೆ ಇಲ್ಲಿ ಮೂರೂವರೆ. ಮಗು ಆಗತಾನೇ ಮಲಗಿರುತ್ತದೆ!

ಕುಶಾಲನಗರ ಡ್ರೈವರ್

ನಾನು ದುಬೈಯಲ್ಲಿ ಗಾಡಿ ಓಡಿಸಿಕೊಂಡಿದ್ದವನು. ದುಬೈ ಭಾಗ ಮಾತ್ರ ಹೇಳುತ್ತೇನೆ.

ವಿಮಾನ ಹತ್ತಿದ ಕೂಡಲೇ ಫೋನ್ ಫ್ಲೈಟ್ ಮೋಡ್‌ಗೆ ಹಾಕಿ. ನಿದ್ದೆ ಬಂತು, ಮರೆತೆ ಅನ್ನಬೇಡಿ. ಕೆಲವು ವಿಮಾನಗಳ ಒಳಗೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ನಮ್ಮ ಸಿಮ್ ಅದನ್ನು ಹಿಡಿದರೆ ದೇಶದ ಪ್ಯಾಕ್ ಇದ್ದರೂ ಪ್ರಯೋಜನವಿಲ್ಲ. ಅದರ ರೇಟೇ ಬೇರೆ. ಹಡಗಿನಲ್ಲೂ ಹಾಗೇ.

ದುಬೈಯಲ್ಲಿ ಇಳಿದ ಮೇಲೂ ಫ್ಲೈಟ್ ಮೋಡ್ ತೆಗೆಯಬೇಡಿ, ವೈಫೈ ಮಾತ್ರ ಆನ್ ಮಾಡಿ. ಏರ್‌ಪೋರ್ಟ್‌ನಲ್ಲಿ ಫ್ರೀ ವೈಫೈ ಇದೆ. ಮಗಳಿಗೆ ವಾಟ್ಸ್ಆ್ಯಪ್ ಕರೆ ಮಾಡಿ ನೋಡುತ್ತೀರಿ, ಹೋಗಲ್ಲ. ಗಾಬರಿ ಆಗಬೇಡಿ. ಆ ದೇಶದಲ್ಲಿ ವಾಟ್ಸ್ಆ್ಯಪ್ ಕರೆಗೆ ತಡೆ ಇದೆ, ನಿಮ್ಮ ಫೋನ್ ಕೆಟ್ಟಿಲ್ಲ. ಮೆಸೇಜ್ ಹೋಗುತ್ತದೆ, ವಾಯ್ಸ್ ಮೆಸೇಜ್ ಹೋಗುತ್ತದೆ. "ದುಬೈ ತಲುಪಿದೆವು, ಊಟ ಆಯಿತು" ಅಂತ ಮಾತಾಡಿ ಕಳಿಸಿ, ಸಾಕು.

ನಾಪೋಕ್ಲು ತೋಟದವ

ಎಲ್ಲರಿಗೂ ತುಂಬ ಥ್ಯಾಂಕ್ಸ್. ದುಬೈ ವಿಷಯ ಹೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನನ್ನ ಹೆಂಡತಿ ಅಲ್ಲೇ ಅಳುತ್ತಾ ಕೂರುತ್ತಿದ್ದಳು.

ಮೂರೂವರೆ ಗಂಟೆಯ ಲೆಕ್ಕ ರೈಟರ್‌ಗೆ ಹೇಳಿದೆ. "ಹಾಗಾದರೆ ಅಲ್ಲಿ ಮಳೆ ಯಾವಾಗ ಅಳೀತಾರೆ ಸಾರ್?" ಅಂದರು. ಅವರಿಗೆ ಸ್ಮಾರ್ಟ್‌ಫೋನ್ ತೆಗೆದುಕೊಡುತ್ತೇನೆ ಅಂದರೂ ಬೇಡವಂತೆ. ಲೈನ್ ಮನೆ ಹತ್ತಿರ ನೆಟ್‌ವರ್ಕೂ ಅಷ್ಟಕ್ಕಷ್ಟೇ, ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಇಳಿದರೆ ಅದೂ ಇಲ್ಲ. ಇವರ ಜೊತೆ ಮಾತಾಡಲು ದಾರಿ ಏನು? ಹೆಂಡತಿಯ ಹತ್ತಿರ ಇರುವುದು ಮಗಳು ಕೊಟ್ಟ ಐಫೋನ್, ಅದರಲ್ಲಿ ಬೇರೆ ಏನಾದರೂ ನೋಡಬೇಕಾ?

ಗೋಣಿಕೊಪ್ಪ ಮೊಬೈಲ್ ಅಂಗಡಿ

ರೈಟರ್‌ಗೆ ಎಸ್ಸೆಮ್ಮೆಸ್ ಕಲಿಸಿ ಸಾರ್. ಅಕ್ಷರ ಬೇಡ, ಬರೀ 2.40 ಅಂತ ಒತ್ತಿ ಕಳಿಸಿದರೆ ನಿಮಗೆ ಅರ್ಥ ಆಗುತ್ತದಲ್ಲ. ಟವರ್ ಬಂದ್ ಆಗಿದ್ದರೂ ಬಂದಾಗ ಮತ್ತೆ ಒತ್ತಿದರಾಯಿತು. ಅವರ ಸಿಮ್‌ಗೆ ವಿದೇಶದ ಪ್ಯಾಕ್ ಏನೂ ಬೇಡ, ಕಳಿಸುವುದು ನಿಮ್ಮ ಊರಿನ ನಂಬರಿಗೇ. ಮರ ಬಿದ್ದರೆ ಎರಡು ಮಿಸ್ಡ್ ಕಾಲ್ ಅಂತ ಮಾಡಿಕೊಳ್ಳಿ. ನೀವು ಎದ್ದ ಮೇಲೆ ಐರಿಶ್ ಸಿಮ್‌ನಿಂದ ಅವರಿಗೆ ಕರೆ ಮಾಡಿ. ಇಂಡಿಯಾ ಕರೆ ಸೇರಿರುವ ಪ್ಲಾನ್ ತಗೊಂಡರೆ ಆಯಿತು. ಅದಿಲ್ಲದಿದ್ದರೆ ವೈಬರ್ ಔಟ್ ಥರದ ಇಂಟರ್‌ನೆಟ್ ಕರೆಯ ಆ್ಯಪ್‌ನಲ್ಲಿ ದುಡ್ಡು ಹಾಕಿ ಬಟನ್ ಫೋನಿಗೂ ಕರೆ ಮಾಡಬಹುದು. ಮೊದಲು ಎಲ್ಲರೂ ಸ್ಕೈಪ್‌ನಲ್ಲಿ ಮಾಡುತ್ತಿದ್ದರು, ಅದನ್ನು 2025ರ ಮೇ ತಿಂಗಳಲ್ಲಿ ಮುಚ್ಚಿದರು. ವೈಫೈ ಕಾಲಿಂಗ್ ಅಂತ ಫೋನಲ್ಲಿ ಇದೆಯಲ್ಲ, ಸಿಮ್‌ನ ಕರೆ ವೈಫೈ ಮೂಲಕ ಹೋಗುವುದು, ಅದನ್ನು ಅಲ್ಲಿ ನಂಬಿಕೊಂಡು ಮಾತಾಡಬೇಡಿ. ಕೆಲವು ಕಂಪನಿಯವರು ಊರಿನ ಕರೆ ಅಂತ ಲೆಕ್ಕ ಹಾಕುತ್ತಾರೆ, ಕೆಲವರು ರೋಮಿಂಗ್ ಅಂತ. ನಿಮ್ಮವರನ್ನು ಕೇಳಿಕೊಂಡೇ ಆನ್ ಮಾಡಿ.

ಅಮ್ಮನ ಐಫೋನಿಗೆ ಇ-ಸಿಮ್ ಹಾಕಬಹುದು, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. *#06# ಒತ್ತಿ, ಇಐಡಿ ಅಂತ ಉದ್ದ ನಂಬರ್ ಕಂಡರೆ ಆಗುತ್ತದೆ. ಮಗಳು ಐರಿಶ್ ಇ-ಸಿಮ್‌ನ ಕ್ಯೂಆರ್ ಕಳಿಸಿದರೆ ಇಲ್ಲೇ ಒಳ್ಳೆ ವೈಫೈಯಲ್ಲಿ ಹಾಕಿಕೊಡುತ್ತೇನೆ, ಅಲ್ಲಿ ಇಳಿದು ಆನ್ ಮಾಡಿದರೆ ಸಾಕು. ಇಂಟರ್‌ನೆಟ್ ಇಲ್ಲದೆ ಇ-ಸಿಮ್ ಇಳಿಯಲ್ಲ, ಅದಕ್ಕೇ ಮುಂಚೆ. ಹೊಸ ಸಿಮ್ ನೋಡಿ ವಾಟ್ಸ್ಆ್ಯಪ್ ನಂಬರ್ ಬದಲಾಯಿಸಬೇಕಾ ಅಂತ ಕೇಳಿದರೆ ಇಬ್ಬರೂ ಬೇಡ ಅನ್ನಿ. ಐಫೋನ್ ಹೊಸ ಸಿಮ್ ಕಂಡಾಗ ಐಮೆಸೇಜ್‌ಗೋಸ್ಕರ (ಐಫೋನಿನವರ ನಡುವಿನ ಮೆಸೇಜ್ ಸೇವೆ) ತಾನೇ ಒಂದು ಎಸ್ಸೆಮ್ಮೆಸ್ ಹೊರಗೆ ಕಳಿಸುತ್ತದೆ, ಅದಕ್ಕೆ ಸಣ್ಣ ಚಾರ್ಜ್ ಬೀಳಬಹುದು. ಅಮ್ಮ ಐಮೆಸೇಜ್ ಬಳಸದಿದ್ದರೆ ಅದನ್ನೂ, ಫೇಸ್‌ಟೈಮನ್ನೂ ಮೊದಲೇ ಆಫ್ ಮಾಡಿಡೋಣ.

ಎರಡು ಫೋನೂ, ಪೋಸ್ಟ್‌ಪೇಯ್ಡ್‌ನ ಕೊನೇ ಬಿಲ್ಲೂ ತಗೊಂಡು ಬನ್ನಿ. ಸಂತೆ ದಿನ ಮಾತ್ರ ಬೇಡ, ಅಂಗಡಿಯಲ್ಲಿ ನಿಲ್ಲಲೂ ಜಾಗ ಇರಲ್ಲ.