‘ಐಸೊಲೇಟೆಡ್ ಟ್ಯೂಮರ್ ಸೆಲ್ಸ್’ ಇದ್ದರೆ ‘ಹರಡಿಲ್ಲ’ ಎನ್ನಬಹುದೇ?

ಪ್ರಶ್ನೆ: ಸ್ತನ ಕ್ಯಾನ್ಸರ್‌ನ ಪೆಥಾಲಜಿ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಂಕುಳಿನ ದುಗ್ಧಗ್ರಂಥಿಯಲ್ಲಿ ‘ಐಸೊಲೇಟೆಡ್ ಟ್ಯೂಮರ್ ಸೆಲ್ಸ್’ ಕಂಡಿವೆ ಎಂದು ಬರೆದು, ಕೊನೆಗೆ ಗ್ರಂಥಿಗಳ ಸ್ಥಿತಿ ಹೇಳುವ ಸಂಕೇತವಾಗಿ ಪಿಎನ್0(ಐ+) ಎಂದಿದ್ದಾರೆ. ‘ಒಂಟಿ ಗಡ್ಡೆಕೋಶ’ ಸರಿಯೇ? ಸೊನ್ನೆ ಇರುವುದರಿಂದ ‘ಗ್ರಂಥಿಗೆ ಹರಡಿಲ್ಲ’ ಎಂದರೆ ಸಾಕೇ?

ಉತ್ತರ: ‘ಒಂಟಿ’ ಬೇಡ, ಒಂದೇ ಕೋಶ ಎಂದು ತಿಳಿದಾರು. ಚಿಕ್ಕ ಗುಂಪುಗಳೂ ಇದರಲ್ಲಿ ಸೇರುತ್ತವೆ: ಗುಂಪು 0.2 ಮಿ.ಮೀ. ಮೀರಿರಬಾರದು, ಅಥವಾ ಒಂದು ಸೀಳಿನಲ್ಲಿ (ಸ್ಲೈಡಿಗೆ ಕತ್ತರಿಸಿದ ತೆಳು ಪದರದಲ್ಲಿ) ಕೋಶಗಳು 200ಕ್ಕಿಂತ ಕಡಿಮೆ ಇರಬೇಕು. ‘ಬಿಡಿ ಗಡ್ಡೆಕೋಶಗಳು’ ವಾಸಿ. 0.2 ದಾಟಿ 2 ಮಿ.ಮೀ. ತನಕ ‘ಸೂಕ್ಷ್ಮ ಹರಡಿಕೆ’, ಅದರಾಚೆ ‘ದೊಡ್ಡ ಹರಡಿಕೆ’. ಅಳೆಯುವುದು ಒಂದಕ್ಕೊಂದು ತಾಗಿಕೊಂಡಿರುವ ಅತಿ ದೊಡ್ಡ ಗುಂಪನ್ನು. ದೂರದೂರದ ಚುಕ್ಕೆಗಳನ್ನು ಕೂಡಿಸುವಂತಿಲ್ಲ. ಸ್ತನ ಕ್ಯಾನ್ಸರ್‌ನ ಒಂದು ಬಗೆಯಾದ ಲೋಬ್ಯುಲರ್ ಕಾರ್ಸಿನೋಮಾದಲ್ಲಿ ಕೋಶಗಳು ಚೆದುರಿ ಬೀಳುವುದರಿಂದ ಅಳತೆಪಟ್ಟಿ ಮೋಸ ಮಾಡುತ್ತದೆ. 200ರ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುವುದು ಅಲ್ಲಿಯೇ.

‘ಹರಡಿಲ್ಲ’ ಎಂದಷ್ಟೇ ಬರೆದರೆ ಬಿಡಿ ಕೋಶಗಳನ್ನು ಸೂಚಿಸುವ ‘ಐ+’ ಬಿದ್ದುಹೋಗುತ್ತದೆ. ‘ಬಿಡಿ ಕೋಶಗಳಿವೆ, ಹರಡಿದ ಗ್ರಂಥಿಗಳ ಎಣಿಕೆಗೆ ಇದನ್ನು ಸೇರಿಸಿಲ್ಲ’ ಎನ್ನಿ. ಸಂಕೇತದ ಮೊದಲು ‘ವೈ’ ಇದೆಯೇ, ಅದನ್ನೂ ನೋಡಿ. ಶಸ್ತ್ರಕ್ರಿಯೆಗೆ ಮೊದಲೇ ಕೀಮೋ ಆಗಿದ್ದರೆ ಅದು ವೈಪಿಎನ್0(ಐ+). ಆಗ ಇದೇ ಕೋಶಗಳು ಉಳಿದುಕೊಂಡ ರೋಗದ ಗುರುತು. ‘ಪೂರ್ಣ ಪ್ರತಿಕ್ರಿಯೆ’ (ಚಿಕಿತ್ಸೆಯ ನಂತರ ರೋಗ ಉಳಿದಿಲ್ಲ) ಎನ್ನುವಂತಿಲ್ಲ.

‘ಕೆರಾಟಿನ್ ಪಾಸಿಟಿವ್’ ಎಡವಿ ಬೀಳುವ ಇನ್ನೊಂದು ಜಾಗ. ಕೆರಾಟಿನ್ ಎಂಬ ಪ್ರೋಟೀನ್ ಇರುವ ಕೋಶಗಳಿಗೆ ಬಣ್ಣ ಹಿಡಿಸುವ ಪರೀಕ್ಷೆ ಇದು. ಇದನ್ನು ‘ಕ್ಯಾನ್ಸರ್ ಇದೆ’ ಎಂದು ಬರೆದವರಿದ್ದಾರೆ. ಗ್ರಂಥಿಯಲ್ಲೇ ಸಹಜವಾಗಿರುವ ಕವಲುಕವಲಾದ ರೆಟಿಕ್ಯುಲಮ್ ಕೋಶಗಳೂ (ಗ್ರಂಥಿಯ ಜಾಲರಿಯ ಕೋಶಗಳು) ಆ ಬಣ್ಣ ಹಿಡಿಯುತ್ತವೆ. ಸೂಜಿ ಬಯಾಪ್ಸಿಯ ವೇಳೆ ಕಿತ್ತುಬಂದ ಎಪಿಥೀಲಿಯಮ್ (ಸ್ತನದ ನಾಳಗಳ ಒಳಪದರ) ಚೂರುಗಳು ಗ್ರಂಥಿಯ ಹೊದಿಕೆಯ ಕೆಳಗೆ ದುಗ್ಧರಸ ಹರಿಯುವ ಸೈನಸ್‌ಗೆ ಬಂದು ಸೇರುವುದೂ ಉಂಟು. ಪಕ್ಕದಲ್ಲಿ ಹೀಮೊಸಿಡೆರಿನ್ (ಹಳೆಯ ರಕ್ತಸ್ರಾವದ ಕಬ್ಬಿಣದ ಅಂಶ) ತುಂಬಿದ ಮ್ಯಾಕ್ರೊಫೇಜ್ (ಕಸ ನುಂಗುವ ಕೋಶ) ಕಂಡರೆ ಅನುಮಾನ ಆ ಕಡೆ ತಿರುಗಬೇಕು. ಗ್ರಂಥಿಯ ಹೊದಿಕೆಯೊಳಗೆ ಕೂತ ನೀವಸ್ ಕೋಶಗಳದು (ಮಚ್ಚೆಯಲ್ಲಿರುವಂಥ ನಿರಪಾಯ ಕೋಶಗಳು) ಇದಕ್ಕೆ ವಿರುದ್ಧ: ಮಾಮೂಲು ಸ್ಲೈಡಿನಲ್ಲಿ ಕ್ಯಾನ್ಸರ್‌ನಂತೆ ಕಂಡರೂ ಕೆರಾಟಿನ್ ಹಿಡಿಯುವುದಿಲ್ಲ, ಎಸ್100 ಮತ್ತು ಸಾಕ್ಸ್10 ಎಂಬ ಬೇರೆ ಬಣ್ಣಪರೀಕ್ಷೆಗಳಲ್ಲಿ ಬಣ್ಣ ಹಿಡಿಯುತ್ತವೆ. ಆದ್ದರಿಂದ ‘ಕೆರಾಟಿನ್ ಬಣ್ಣ ಹಿಡಿದಿದೆ’ ಎಂದಿಷ್ಟೇ ಬರೆದು, ತೀರ್ಮಾನವನ್ನು ವರದಿಯ ಕೊನೆಯ ಸಾಲಿನಿಂದ ತೆಗೆದುಕೊಳ್ಳಿ.

‘ನೆಗೆಟಿವ್’ಗೆ ‘ಕಂಡುಬಂದಿಲ್ಲ’ ಎನ್ನುವುದೇ ಸರಿ. ಗ್ರಂಥಿಯನ್ನು 2 ಮಿ.ಮೀ. ಬಿಲ್ಲೆಗಳಾಗಿ ಕತ್ತರಿಸುವುದು ದೊಡ್ಡ ಹರಡಿಕೆ ತಪ್ಪಿಹೋಗದಿರಲೆಂದು. ಅದಕ್ಕಿಂತ ಚಿಕ್ಕದು ಎರಡು ಸೀಳುಗಳ ನಡುವೆ ಉಳಿದುಬಿಡಬಹುದು. ನೋಡ್‌ಗೆ (ದುಗ್ಧಗ್ರಂಥಿಗೆ) ‘ಗಂಟು’ ಎಂಬ ಪದವನ್ನು ಬಳಸಲೇಬೇಡಿ, ಓದುವವರು ಸ್ತನದ ಗಡ್ಡೆ ಎಂದೇ ತಿಳಿಯುತ್ತಾರೆ.